ನೆರಳು ತೆಗೆಯಲು ಬಂದವಳು

ದಾವಣಗೆರೆಗೆ ಬಂದ ಮೊದಲ ವಾರದಲ್ಲಿಯೇ, ನಮ್ಮ ಬಾಡಿಗೆ ಕೋಣೆಯ ಗೋಡೆಯ ಮೇಲೆ ಅರಳೆ ಹೇರಿದ ಎತ್ತಿನ ಗಾಡಿಯೊಂದು ಚಕ್ರಗಳನ್ನು ಮೇಲೆ ಮಾಡಿಕೊಂಡು ನಡೆದುಹೋದದ್ದನ್ನು ನಾನು ಕಣ್ಣಾರೆ ಕಂಡೆನು. ಎತ್ತುಗಳ ಕಾಲು ಸೂರಿನ ಕಡೆಗೆ, ಕೊಂಬು ನೆಲದ ಕಡೆಗೆ. ಗಾಡಿಯ ಹಿಂದೆ ಬಿಳಿಯ ರುಮಾಲಿನವನೊಬ್ಬ ತಲೆಕೆಳಗಾಗಿಯೇ ಬೀಡಿ ಸೇದುತ್ತ ಹೋದನು. ಬೀಡಿಯ ಹೊಗೆ ಕೆಳಕ್ಕೆ ಇಳಿಯುತ್ತಿತ್ತು. ಹೊರಗೆ ನಡುಮಧ್ಯಾಹ್ನದ ಬಿಸಿಲು; ಒಳಗೆ ಬಾಗಿಲು ಮುಚ್ಚಿಕೊಂಡು ನಾನೊಬ್ಬಳೇ. ಕಿರುಚಬೇಕೆಂದು ಬಾಯಿ ತೆರೆದವಳು ನೋಡುವ ಆಸೆಯಿಂದ ಮತ್ತೆ ಮುಚ್ಚಿಕೊಂಡೆನು.

ನಮ್ಮೂರು ಕುಂದಾಪುರದ ಮಾನ್ಯ ಓದುಗರಲ್ಲಿ ಈ ಮೂಲಕ ನಿವೇದಿಸಿಕೊಳ್ಳುವುದೇನೆಂದರೆ, ಅಚ್ಚಿಗಾಗಿ ನಾನು ಬರೆಯುತ್ತಿರುವುದು ಇದೇ ಮೊದಲು. ನಮ್ಮ ತಂದೆಯವರು ಕುಂದಾಪುರದ ಕೋರ್ಟಿನ ಜಗಲಿಯಲ್ಲಿ ಕುಳಿತು ಅರ್ಜಿ ಬರೆದುಕೊಡುತ್ತಿದ್ದರು. ಅವುಗಳ ಶುದ್ಧ ಪ್ರತಿ ಮಾಡುತ್ತಲೇ ನಾನು ಅಕ್ಷರ ತಿದ್ದಿದವಳಾದ್ದರಿಂದ, ನನ್ನ ವಾಕ್ಯಗಳಲ್ಲಿ ಸದರಿ, ಮೇಲ್ಕಂಡ ಮುಂತಾದ ಪದಗಳು ಕರೆಯದೆಯೇ ಬಂದು ಕೂರುತ್ತವೆ. ತಾವು ದಯಮಾಡಿ ಸಹಿಸಿಕೊಳ್ಳಬೇಕು. ಆದರೆ ವಿಷಯದ ಬಗ್ಗೆ ಕ್ಷಮೆ ಕೇಳುವುದಿಲ್ಲ.

ಮೇಲ್ಕಂಡ ಗಾಡಿಯ ವಿಚಾರವನ್ನು ಅಂದೇ ಸಂಜೆ ಮನೆಯ ಒಡತಿ ಗೌರಮ್ಮನವರ ಅವಗಾಹನೆಗೆ ತಂದೆನು. ಅವರು ರೊಟ್ಟಿ ತಟ್ಟುತ್ತ, ತಲೆ ಎತ್ತದೆ ಹೇಳಿದರು:

"ಅದಾ? ಅದು ಬಾಗ್ಲ ತೂತಿಂದು. ಬ್ಯಾಸಿಗ್ಯಾಗೆ ದಿನಾ ಬರ್ತೈತೆ. ನಿಮಗೆ ಕಿರಿಕಿರಿ ಆದ್ರೆ ತೂತಿಗೆ ಒಂದಿಷ್ಟು ಅರಳೆ ತುರುಕ್ರಿ, ಹೋಗ್ತೈತೆ."

ಬಾಗಿಲ ಹಲಗೆಯಲ್ಲಿ ಮರದ ಗಂಟೊಂದು ಉದುರಿ ಬೆರಳು ತೂರುವಷ್ಟು ರಂಧ್ರವಾಗಿತ್ತು. ಹೊರಗಿನ ಬೆಳಕು ಆ ರಂಧ್ರದಲ್ಲಿ ನುಗ್ಗಿ, ಇಡೀ ಬೀದಿಯನ್ನು ತಿರುವಿಹಾಕಿ ಎದುರು ಗೋಡೆಗೆ ತಂದು ಚೆಲ್ಲುತ್ತಿತ್ತು. ಅರಳೆ ತುರುಕಲು ನಾನು ಒಪ್ಪಲಿಲ್ಲ. ಗೌರಮ್ಮನವರು ಓಣಿಯವರಿಗೆಲ್ಲ "ನಮ್ಮ ಬಾಡಿಗಿ ಅಮ್ಮಾರು ಮಧ್ಯಾನ್ಹ ಬಾಗ್ಲು ಹಾಕ್ಕಂಡು ಗ್ವಾಡಿ ನೋಡ್ತಾ ಕುಂದುರ್ತಾರೆ" ಎಂದು ಹೇಳಿದರು. ಅದು ಸತ್ಯವಾದ್ದರಿಂದ ನಾನು ಅಲ್ಲಗಳೆಯಲಿಲ್ಲ.

ನಮ್ಮೂರಿನಲ್ಲಿ ಇಂಥ ಬೆಳಕಿಲ್ಲ ಎಂಬುದನ್ನು ತಾವು ಬಲ್ಲಿರಿ. ಅಲ್ಲಿ ಬಿಸಿಲು ತೆಂಗಿನ ಗರಿಗಳ ನಡುವೆ ಸೋಸಿ, ಸಮುದ್ರದ ತೇವದಲ್ಲಿ ನೆನೆದು, ಕೊನೆಗೆ ಅಂಗಳಕ್ಕೆ ಇಳಿಯುತ್ತದೆ. ಅಲ್ಲಿಯ ನೆರಳಿಗೆ ಅಂಚು ಇರುವುದಿಲ್ಲ. ಇಲ್ಲಿ ನನ್ನದೇ ನೆರಳು ನೆಲದ ಮೇಲೆ ಎಷ್ಟು ಕಪ್ಪಗೆ ಬೀಳುತ್ತಿತ್ತೆಂದರೆ, ಬಸ್ಸಿನಿಂದ ಇಳಿದ ದಿನ ಗುಂಡಿಯೆಂದು ತಿಳಿದು ಹಿಂದೆ ಸರಿದಿದ್ದೆನು. ನಮ್ಮ ಯಜಮಾನರು ನಕ್ಕಿದ್ದರು. ಅವರಿಗೆ ಹರಿಹರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ, ನಮ್ಮ ಜಿಲ್ಲೆ ಮದ್ರಾಸಿನ ಕೈಯಿಂದ ಮೈಸೂರು ರಾಜ್ಯಕ್ಕೆ ಬಂದ ಕೆಲವು ವರ್ಷಗಳಿಗೆ, ನಾವೂ ಘಟ್ಟ ಹತ್ತಿ ಬಂದೆವು. ಹರಿಹರದಲ್ಲಿ ಮನೆ ಸಿಗದೆ ದಾವಣಗೆರೆಯಲ್ಲಿ ನಿಂತೆವು. ಅವರು ಬೆಳಿಗ್ಗೆ ರೈಲಿನಲ್ಲಿ ಹೋದರೆ ಸಂಜೆಗೆ ಬರುವರು.

ಕುಚ್ಚಲಕ್ಕಿ ಇಲ್ಲಿ ಸಿಗಲಿಲ್ಲ. ಮೀನಿನ ಹೆಸರನ್ನು ಗೌರಮ್ಮನವರ ಮನೆಯಲ್ಲಿ ಎತ್ತುವಂತೆಯೇ ಇರಲಿಲ್ಲ. ಜೋಳದ ರೊಟ್ಟಿ ನನ್ನ ಕೈಯಲ್ಲಿ ಭೂಪಟದಂತೆ ಹರಿಯುತ್ತಿತ್ತು. ಆದರೆ ಒಗ್ಗರಣೆ ಹಾಕಿದ ಮಂಡಕ್ಕಿಯನ್ನೂ ಅದರ ಜೊತೆ ಕೊಡುವ ಮೆಣಸಿನಕಾಯಿ ಬಜ್ಜಿಯನ್ನೂ ನಾನು ಮೊದಲ ದಿನವೇ ಒಪ್ಪಿಕೊಂಡೆನು. ಮಾತು ಮಾತ್ರ ಬಹಳ ಕಾಲ ನನ್ನನ್ನು ಒಪ್ಪಿಕೊಳ್ಳಲಿಲ್ಲ. ನಾನು "ಇದೆ" ಎಂದರೆ ಅಂಗಡಿಯವರು "ಐತೆ" ಎನ್ನುವರು. ನಾನು "ಬೇಡ" ಎಂದರೆ ಅವರಿಗೆ ಅದು ಪುಸ್ತಕದ "ಬೇಡ"ವೆನ್ನಿಸಿ, ಇನ್ನೊಮ್ಮೆ ಕೇಳುವರು. ಮನೆಯೊಳಗಿನ ಕುಂದಾಪುರದ ಮಾತು ಇಲ್ಲಿ ಯಾರಿಗೂ ತಿಳಿಯದು. ಆದಕಾರಣ ನಾನು ಬಜಾರಿನಲ್ಲಿ ನಮ್ಮ ತಂದೆಯವರ ಅರ್ಜಿಯ ಕನ್ನಡವನ್ನೇ ಆಡತೊಡಗಿದೆನು. ಅದರಿಂದಾದ ಪ್ರಮಾದವನ್ನು ಮುಂದೆ ನಿವೇದಿಸುತ್ತೇನೆ.

ಗೋಡೆಯ ಮೇಲಿನ ಬೀದಿಯನ್ನು ಹಿಡಿದಿಡುವ ಬಗೆ ಹೇಗೆಂದು ಕೇಳಲು ನಾನು ರುದ್ರಪ್ಪನವರ ಸ್ಟುಡಿಯೋಗೆ ಹೋದೆನು. ದಲಾಲಿ ಮಂಡಿಯ ಮನೆತನದಲ್ಲಿ ಹುಟ್ಟಿ, ಮಂಡಿ ಬಿಟ್ಟು ಫೋಟೋಗೆ ಬಂದವರು ಅವರು. ಹಣೆಯ ಮೇಲೆ ಮೂರೆಳೆ ವಿಭೂತಿ, ಕೈಯಲ್ಲಿ ಯಾವಾಗಲೂ ಫೋಟೋ ತೊಳೆಯುವ ಮದ್ದಿನ ವಾಸನೆ. ಅವರ ಸ್ಟುಡಿಯೋದ ಸೂರಿಗೆ ಗಾಜು ಹಾಕಿಸಿ, ಕೆಳಗೆ ಬಿಳಿಯ ಪರದೆ ಎಳೆದಿದ್ದರು; ಬಿಸಿಲು ಆ ಪರದೆಯಲ್ಲಿ ಹಾಲಿನಂತಾಗಿ ಕುಳಿತವರ ಮುಖದ ಮೇಲೆ ಸಮನಾಗಿ ಬೀಳಬೇಕು. ನನ್ನ ಅಕ್ಷರವನ್ನೂ ಅಲುಗದ ಕೈಯನ್ನೂ ನೋಡಿ, ನೆಗೆಟಿವ್ ತಿದ್ದುವ ಕೆಲಸಕ್ಕೆ ಇಟ್ಟುಕೊಂಡರು. ಹೆಣ್ಣುಮಕ್ಕಳು ಫೋಟೋಗೆ ಬಂದಾಗ ಸೆರಗು ಸರಿಮಾಡಲೂ ಒಬ್ಬ ಹೆಂಗಸು ಬೇಕಾಗಿತ್ತು.

ತಿದ್ದುವುದೆಂದರೆ ಇಷ್ಟು. ನೆಗೆಟಿವಿನಲ್ಲಿ ಕಪ್ಪು ಬಿಳುಪು ಅದಲುಬದಲಾಗಿರುತ್ತವೆ. ನೆರಳು ಬಿದ್ದ ಜಾಗ ಅಲ್ಲಿ ಬರಿಯ ಗಾಜಿನಂತೆ ತಿಳಿಯಾಗಿರುತ್ತದೆ. ಆ ತಿಳಿ ಜಾಗವನ್ನು ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ತುಂಬಿದರೆ, ಕಾಗದದ ಮೇಲೆ ನೆರಳು ಮಾಯವಾಗುತ್ತದೆ. ಸಿಡುಬಿನ ಕಲೆ, ಕಣ್ಣ ಕೆಳಗಿನ ಕಪ್ಪು, ಮೂಗಿನ ಪಕ್ಕದ ಗೆರೆ, ಎಲ್ಲವನ್ನೂ ಹೀಗೆ ಅಳಿಸುತ್ತಿದ್ದೆನು. ರುದ್ರಪ್ಪನವರ ಕಾಯಿದೆ ಒಂದೇ:

"ಅಮ್ಮಾರೆ, ಮುಖದ ಮ್ಯಾಲೆ ನೆಳ್ಳು ಇರಬಾರದು. ಅವರ ಮುಖದಾಗೆ ಕಪ್ಪು ಬಂತು ಅಂದ್ರೆ, ನಾಳೆ ಅವರು ಬಂದು ನನ್ನ ಮುಖಕ್ಕೆ ಬಳೀತಾರೆ."

ರಜೆಯ ದಿನಗಳಲ್ಲಿ ಸ್ಟುಡಿಯೋದ ಹಳೆಯ ಮಡಿಸುವ ಕ್ಯಾಮೆರಾವನ್ನು ನನಗೆ ಒಯ್ಯಲು ಕೊಡುತ್ತಿದ್ದರು. "ಹೊರಗ ಏನರೆ ಹಿಡೀರಿ. ಗಿರಾಕಿ ಬಾಯಿಗೆ ಬಿತ್ತೋ, ಕ್ಯಾಮೆರಾ ಕಪಾಟಿಗೆ ಹೋತು" ಎಂಬುದು ಷರತ್ತು. ಆ ಕ್ಯಾಮೆರಾ ನನ್ನ ಹೆಗಲಿಗೆ ಬಂದ ಮೇಲೆ ಈ ಊರು ನನಗೆ ಪರವೂರಾಗಿ ಕಾಣುವುದು ನಿಂತಿತು ಎನ್ನಲಾರೆ. ಆದರೆ ಪರವೂರಾದರೂ ನೋಡುವ ಹಕ್ಕು ನನಗುಂಟು ಎಂಬ ಧೈರ್ಯ ಬಂದಿತು.

ಹರಿಹರದ ಕಲ್ಲಿನ ಸೇತುವೆಯ ಕಮಾನುಗಳು ಬೇಸಿಗೆಯ ನಿಂತ ನೀರಿನಲ್ಲಿ ಬಿದ್ದು, ಮೇಲಿನ ಅರ್ಧ ಕೆಳಗಿನ ಅರ್ಧ ಸೇರಿ ದುಂಡಗಾಗುವುದನ್ನು ಹಿಡಿದೆನು. ನಮ್ಮ ಹೊಳೆಗಳಿಗೆ ಸಮುದ್ರದ ಉಬ್ಬರ ಬರುತ್ತಿರುವುದರಿಂದ ಅಲ್ಲಿ ಯಾವ ಬಿಂಬವೂ ನಿಲ್ಲುವುದಿಲ್ಲ. ಇಲ್ಲಿ ತುಂಗಭದ್ರೆ ಮೈ ಕಿರಿದು ಮಾಡಿಕೊಂಡು, ಸುಮ್ಮನೆ ಕನ್ನಡಿ ಹಿಡಿಯುತ್ತಾಳೆ. ಭಾನುವಳ್ಳಿಯಲ್ಲಿ ಕಾಲುವೆಯ ನೀರು ಹೊಸದಾಗಿ ಹೊಲಗಳಿಗೆ ಬಂದಿತ್ತು. ನೀರು ನಿಂತ ಗದ್ದೆ ನಾನು ಹುಟ್ಟಿದಂದಿನಿಂದ ಕಂಡದ್ದು. ಅಲ್ಲಿಯ ಮುದುಕರೊಬ್ಬರು ಮಾತ್ರ ಬದುವಿನ ಮೇಲೆ ನಿಂತು ತಮ್ಮದೇ ಹೊಲವನ್ನು ಪರಕೀಯರಂತೆ ನೋಡುತ್ತಿದ್ದರು.

"ಜ್ವಾಳ ಬೆಳೆಯೋ ಹೊಲ್ದಾಗೆ ಮಾಡ ಬಿದ್ದೈತೆ ನೋಡ್ರಿ" ಎಂದರು. ಮಾಡವೆಂದರೆ ಮೋಡ. "ಕಾಲಿಡಾಕೆ ಹೆದರಿಕಿ ಆಕ್ಕೈತೆ. ತುಳಿದ್ರೆ ಒಡದು ಹೊಕ್ಕಾವೇನೋ."

ಅವರ ಪಾದ, ನೀರಿನೊಳಗಿನ ಮೋಡ, ಇಷ್ಟನ್ನೇ ಹಿಡಿದೆನು. ರುದ್ರಪ್ಪನವರು ಅದನ್ನು ನೋಡಿ "ಮುಖ ಎಲ್ಲೈತೆ? ಕಾಲಿನ ಫೋಟ ಯಾರು ತಗಂತಾರೆ, ಚಪ್ಪಲಿ ಅಂಗಡಿಯವರಾ?" ಎಂದು ಕೇಳಿ ಬದಿಗಿಟ್ಟರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಊರಿನ ಒಂದು ಮಗ್ಗುಲಿಗೆ ಮಂಡಕ್ಕಿ ಭಟ್ಟಿಗಳಿವೆ. ಒಲೆಗಳ ಮೇಲೆ ಕಾಯಿಸಿದ ಮರಳಿನಲ್ಲಿ ಅಕ್ಕಿಯನ್ನು ಹುರಿದು ಅರಳಿಸುವ ಸಾಲುಮನೆಗಳಿವು. ಹೆಚ್ಚಿನವು ಮುಸಲ್ಮಾನ ಕುಟುಂಬಗಳವು. ಅಂಥ ಒಂದು ಭಟ್ಟಿಯ ಮುಂದೆ ಬಿದಿರಿನ ಸೀಳುಗಳನ್ನು ಹೆಣೆದು ರಸ್ತೆಯ ಕಡೆಗೆ ಚಪ್ಪರ ಇಳಿಬಿಟ್ಟಿದ್ದರು. ಬಿಸಿಲು ಆ ಸೀಳುಗಳ ಸಂದಿನಲ್ಲಿ ಇಳಿದು, ಒಲೆಯ ಹೊಗೆಯನ್ನು ಹಾದು, ನೆಟ್ಟಗೆ ಎಳೆದ ಹಗ್ಗಗಳಂತೆ ನೆಲದವರೆಗೆ ಕಾಣುತ್ತಿತ್ತು. ಚಪ್ಪರದ ಕೆಳಗೆ ಕುಳಿತು ಮಂಡಕ್ಕಿ ಜರಡಿ ಹಿಡಿಯುತ್ತಿದ್ದ ಹೆಂಗಸಿನ ಮುಖದ ಮೇಲೆ, ತೋಳಿನ ಮೇಲೆ, ಬೆಳಕು ಮತ್ತು ನೆರಳು ಸಾಲುಸಾಲಾಗಿ ಬಿದ್ದಿದ್ದವು. ಅವರು ಭಟ್ಟಿಯ ಯಜಮಾನಿ ಖೈರುನ್‌ಬಿ.

ನಾನು ಚರ್ಮದ ಚೀಲವನ್ನು ಹೆಗಲಿಗೇರಿಸಿಕೊಂಡು ಹತ್ತಿರ ಹೋಗಿ, ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತನ್ನು ಹೇಳಿದೆನು:

"ನಮಸ್ಕಾರ. ಇಲ್ಲಿಯ ನೆರಳನ್ನು ತೆಗೆಯುವ ಸಲುವಾಗಿ ಬಂದಿರುತ್ತೇನೆ. ತಮ್ಮದೇನೂ ಆಕ್ಷೇಪಣೆ ಇಲ್ಲವಷ್ಟೇ?"

ಜರಡಿ ನಿಂತಿತು. ಖೈರುನ್‌ಬಿ ಎದ್ದು ಸೊಂಟಕ್ಕೆ ಸೆರಗು ಸಿಕ್ಕಿಸಿದರು.

"ನೆಳ್ಳು ತೆಗೀತೀರಾ? ತೆಗೀರಿ, ನಾನೂ ನೋಡ್ತೀನಿ. ಹೋದ ಸಲ ಮುನ್ಸಿಪಾಲ್ಟಿಯಿಂದ ಒಬ್ಬ ಕಾಗದ ಹಿಡ್ಕಂಡು ಬಂದಿದ್ದ. ಈ ಸಲ ಹೆಣ್ಮಗಳನ್ನ ಕಳಿಸ್ಯಾರೆ, ನಾವು ಬಾಯಿ ಮಾಡಬಾರದು ಅಂತ. ರೀ, ಬರ್ರಿ ಇಲ್ಲಿ, ಚಪ್ಪರ ಕೀಳಾಕೆ ಬಂದಾರಂತೆ."

ಒಳಗಿನಿಂದ ಅವರ ಗಂಡ ದಸ್ತಗೀರ್ ಸಾಬರು ಮರಳಿನ ಜಾಲರಿಯನ್ನು ಕೈಯಲ್ಲಿ ಹಿಡಿದೇ ಬಂದರು. "ರಸ್ತೆಗೆ ಬಂದಿಲ್ರಿ ಅದು, ಮೋರಿ ಒಳಗೇ ಐತೆ. ಬೇಕಾದ್ರೆ ಅಳೀರಿ" ಎಂದರು. ಅಕ್ಕಪಕ್ಕದ ಭಟ್ಟಿಗಳವರೂ ಹೊರಬಂದರು. ನಾನು ಗಾಬರಿಯಲ್ಲಿ, ಸದರಿ ನೆರಳನ್ನು ತೆಗೆದು ಕಾಗದದ ಮೇಲೆ ಹಾಕಿ ತಮಗೂ ಒಂದು ಪ್ರತಿ ಕೊಡಲಾಗುವುದೆಂದು ತಿಳಿಸಿದೆನು. ಅದು ನೋಟೀಸಿನ ಮಾತಿನಂತೆ ಕೇಳಿ ಸ್ಥಿತಿ ಮತ್ತಷ್ಟು ಕೆಟ್ಟಿತು. ಕೊನೆಗೆ ಮಾತು ಬಿಟ್ಟು ಚೀಲ ಬಿಚ್ಚಿ ಕ್ಯಾಮೆರಾ ತೋರಿಸಿದೆನು.

ಖೈರುನ್‌ಬಿ ಅದನ್ನು ನೋಡಿದರು, ನನ್ನನ್ನು ನೋಡಿದರು.

"ಫೋಟ ಹಿಡಿಯಾಕೆ ಬಂದೀನಿ ಅನ್ನಬೇಕಪ್ಪ. ನೆಳ್ಳು ತೆಗೀತೀನಿ ಅಂದ್ರೆ ನಾವು ಬಿಸಿಲಿಗೆ ಬೀಳಬೇಕಾ? ಯಾವೂರು ನಿಮ್ದು?"

"ಕುಂದಾಪುರ. ಸಮುದ್ರದ ಕಡೆ."

"ಅಲ್ಲಿ ನೆಳ್ಳು ಬಿಟ್ಟಿ ಸಿಗ್ತೈತೇನೋ. ಇಲ್ಲಿ ನಾವು ಬಿದಿರು ತಂದು ಕಟ್ಟಬೇಕು. ಕೂಡ್ರಿ, ಮೊದ್ಲು ಮಂಡಕ್ಕಿ ತಿನ್ರಿ. ಆಮ್ಯಾಲೆ ಹಿಡೀರಿ."

ನನಗೆ ಅಂದು ಅರ್ಥವಾಯಿತು. ನಮ್ಮ ಸ್ಟುಡಿಯೋದಲ್ಲಿ ನೆರಳೆಂದರೆ ಕೊಳೆ. ಖೈರುನ್‌ಬಿಯವರಿಗೆ ಅದು ಕೈಯಾರೆ ಕಟ್ಟಿದ ಸೊತ್ತು, ಕಾಯ್ದುಕೊಳ್ಳಬೇಕಾದ ಸೊತ್ತು. ಅವರು ಪುನಃ ಜರಡಿ ಹಿಡಿದಾಗ ನಾನು ಆ ಚಿತ್ರವನ್ನು ಹಿಡಿದೆನು. ಸ್ಟುಡಿಯೋದ ಗಾಜಿನ ಪೆಟ್ಟಿಗೆಯಲ್ಲಿ ಇಡಬಹುದೇ ಎಂದೂ ಕೇಳಿದೆನು. "ಭಟ್ಟಿ ಮುಂದೆ ದಿನಾ ಊರು ಮಂದಿಯೆಲ್ಲ ನೋಡ್ತಾರೆ, ಗಾಜಿನಾಗೆ ನೋಡಿದ್ರೆ ಸವೀತೀನಾ?" ಎಂದು ನಕ್ಕರು. ದಸ್ತಗೀರ್ ಸಾಬರು ಯೋಚಿಸಿ, ಇಡಿ ಎಂದರು.

ಬೀದಿಗೆ ಮುಖಮಾಡಿದ ಆ ಗಾಜಿನ ಪೆಟ್ಟಿಗೆಯಲ್ಲಿ ರುದ್ರಪ್ಪನವರು ಚಿತ್ರವನ್ನು ಅರೆಮನಸ್ಸಿನಿಂದ ಇಟ್ಟರು. ಸುತ್ತ ಹಾಲಿನಂಥ ಬೆಳಕಿನ ವಧುಗಳು, ಪೇಟ ಸುತ್ತಿದ ಯಜಮಾನರು. ನಡುವೆ ಪಟ್ಟೆಪಟ್ಟೆಯಾದ ಖೈರುನ್‌ಬಿ. ಬಜಾರಿನವರು ನಿಂತು ನೋಡತೊಡಗಿದರು. "ಇದ್ಯಾವ ಮೊಹರಂ ಹುಲಿ ಕೂಡ್ಸೀರಿ, ರುದ್ರಪ್ಪಾರೆ?" ಎಂದು ಒಬ್ಬರು ಕೇಳಿದರು. ಅಷ್ಟಕ್ಕೆ ಮುಗಿಯುತ್ತಿತ್ತೋ ಏನೋ. ಆದರೆ ಮಗಳ ಫೋಟೋ ತೆಗೆಸಲು ಬಂದ ಕಾಳಿನ ವ್ಯಾಪಾರಿಯ ಮನೆಯವರು ಹೊಸಿಲಲ್ಲೇ ನಿಂತುಬಿಟ್ಟರು.

"ಇಲ್ಲಿ ಕುಂತ್ರೆ ನಮ್ಮ ಹುಡುಗೀಗೂ ಹಿಂಗೇ ಬರೆ ಬೀಳ್ತಾವೇನ್ರಿ? ಗಂಡಿನ ಕಡೆಯೋರು ನೋಡೋದೈತೆ" ಎಂದು ಕೇಳಿ, ಬೇರೆ ಸ್ಟುಡಿಯೋಗೆ ಹೋದರು.

ರುದ್ರಪ್ಪನವರು ಚಿತ್ರವನ್ನು ತೆಗೆದು ನನ್ನ ಮೇಜಿನ ಮೇಲೆ ನೆಗೆಟಿವಿನ ಸಮೇತ ಇಟ್ಟರು.

"ಅಮ್ಮಾರೆ, ಸಂಜಿ ಒಳಗೆ ಪಟ್ಟಿ ತೆಗೀರಿ. ಹೆಣ್ಮಗಳು ಲಕ್ಷಣವಾಗಿ ಅದಾಳೆ, ಪಟ್ಟಿ ಹೋದ್ರೆ ಛಲೋ ಫೋಟ."

"ತೆಗೆಯುವುದಿಲ್ಲ" ಎಂದೆನು.

"ಯಾಕ? ತೆಗಿಯಾಕೇ ಅಲ್ವಾ ನಿಮ್ಮನ್ನ ಇಟ್ಕಂಡಿದ್ದು?"

"ಕಲೆ ತೆಗೆಯಲು ಇಟ್ಟುಕೊಂಡಿದ್ದೀರಿ. ಇದು ಕಲೆಯಲ್ಲ. ಇದನ್ನು ತೆಗೆದರೆ ಚಪ್ಪರ ಹೋಯಿತು, ಹೊಗೆ ಹೋಯಿತು, ಆ ಹೊತ್ತೂ ಹೋಯಿತು. ಉಳಿಯುವುದು ಜರಡಿ ಹಿಡಿದ ಒಂದು ಬೊಂಬೆ."

"ನಾಕು ದಿನ ಹೊರಗ ಕ್ಯಾಮೆರಾ ಹಿಡಿದಿದ್ದಕ್ಕೆ ಇಷ್ಟು ಮಾತಾ? ತೆಗಿಯಂಗಿಲ್ಲ ಅಂದ್ರೆ ಪೆನ್ಸಿಲ್ ಇಡ್ರಿ."

ಪೆನ್ಸಿಲ್ ಇಟ್ಟೆನು. ಕ್ಯಾಮೆರಾವನ್ನು ಅವರೇ ಕಪಾಟಿನೊಳಗಿಟ್ಟು ಬೀಗ ಹಾಕಿದರು. ನೆಗೆಟಿವ್ ಸ್ಟುಡಿಯೋದ ಸೊತ್ತಾದ್ದರಿಂದ ಅದೂ ಅಲ್ಲಿಯೇ ಉಳಿಯಿತು. ನಾನಲ್ಲದಿದ್ದರೆ ನಾಳೆ ಇನ್ನೊಬ್ಬರು ಬಂದು ಆ ತಿಳಿ ಜಾಗಗಳನ್ನು ತುಂಬಿಬಿಡಬಹುದು ಎಂಬ ಒಂದೇ ಸಂಕಟದಿಂದ ಮನೆಗೆ ಬಂದೆನು. ನಾನು ತಂದದ್ದು ನನ್ನ ಪಾಲಿಗೆ ಹಾಕಿಕೊಂಡಿದ್ದ ಒಂದು ಪ್ರತಿಯನ್ನು ಮಾತ್ರ.

ಯಜಮಾನರು ಏನೂ ಬಯ್ಯದೆ, ಸ್ವಲ್ಪ ದಿನ ಊರಿಗೆ ಹೋಗಿ ಬಾ ಎಂದರು. ಹೋದೆನು. ಬಸ್ಸು ಘಟ್ಟ ಇಳಿಯುತ್ತಲೇ ಕಣ್ಣಿಗೆ ತಂಪಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಎಲ್ಲವೂ ಮಸುಕಾಗಿಯೂ ಕಂಡಿತು. ನೆರಳುಗಳಿಗೆ ಅಂಚೇ ಇರಲಿಲ್ಲ. ಅಮ್ಮ ಆ ಚಿತ್ರವನ್ನು ಕಿಟಕಿಯ ಬಳಿ ಹಿಡಿದು ನೋಡಿದರು.

"ಇದ್ ಮಡ್ಲಿನ್ ನೆರ್ಳ್ ಅಲ್ದಾ ಹೆಣ್ಣೆ? ನಮ್ಮ್ ಹಿತ್ಲಂಗೆ ತೆಗ್ದದ್ದಾ?"

ಮಡ್ಲೆಂದರೆ ಹೆಣೆದ ತೆಂಗಿನ ಗರಿಯೆಂದು ತಮಗೆ ಹೇಳಬೇಕಾಗಿಲ್ಲ. ಅಲ್ಲ, ಅದು ಬಿದಿರು, ಅದು ದಾವಣಗೆರೆ ಎಂದೆನು. ಅಮ್ಮ ನಂಬಲಿಲ್ಲ. ಅಣ್ಣನೂ ನೋಡಿ ನಮ್ಮೂರಿನದೇ ಎಂದನು. ಇಲ್ಲಿಯೂ ಸ್ಟುಡಿಯೋಗಳಿವೆ, ಆ ಬಯಲುಸೀಮೆ ಯಾಕೆ, ಭಾವನಿಗೂ ಇಲ್ಲಿಯೇ ಏನಾದರೂ ನೋಡೋಣ ಎಂದನು. ನಾನು ಧ್ವನಿ ಎತ್ತಿ ವಾದಿಸಿದೆನು. ಅಲ್ಲಿಯ ಬಿಸಿಲು ಹೇಗೆ, ಹೊಗೆ ಹೇಗೆ, ಬಿದಿರಿನ ಸೀಳು ಎಷ್ಟು ನೇರ, ತೆಂಗಿನ ಗರಿಯಾದರೆ ಅಂಚು ಹೇಗೆ ಅಲುಗುತ್ತದೆ ಎಂದು ಬೆರಳಿಟ್ಟು ತೋರಿಸಿದೆನು. ಪರವೂರಿನ ಪರವಾಗಿ ಅಮ್ಮನ ಎದುರು ವಕಾಲತ್ತು ಮಾಡುತ್ತಿದ್ದೇನೆಂಬುದು ನನಗೆ ಹೊಳೆದದ್ದು ಆಮೇಲೆ. ಮಡ್ಲಿನ ಕೆಳಗೆ ಆಡಿ ಬೆಳೆಯದಿದ್ದರೆ ಆ ಪಟ್ಟೆಗಳ ಮುಂದೆ ನಾನು ನಿಲ್ಲುತ್ತಲೇ ಇರಲಿಲ್ಲ ಎಂಬುದು ಹೊಳೆದದ್ದು ಇನ್ನೂ ತಡವಾಗಿ, ಹಿಂದಿರುಗುವ ಬಸ್ಸಿನಲ್ಲಿ.

ದಾವಣಗೆರೆಗೆ ಬಂದ ಮರುದಿನವೇ ಖೈರುನ್‌ಬಿ ವಠಾರಕ್ಕೆ ಬಂದರು. ಗೌರಮ್ಮನವರಿಗೆ ಒಂದು ಸೇರು ಮಂಡಕ್ಕಿ ಕೊಟ್ಟು, ನನ್ನ ಕಡೆ ತಿರುಗಿದರು.

"ನನ್ನ ಪ್ರತಿ ಎಲ್ರಿ? ಗಾಜಿನ ಪೆಟ್ಟಿಗ್ಯಾಗೆ ನೋಡಾಕೆ ಹೋದ್ರೆ ನಾನೇ ಇಲ್ಲ."

ನಡೆದದ್ದನ್ನು ಹೇಳಿದೆನು. ಅವರು ಚಪ್ಪಲಿ ಮೆಟ್ಟಿಕೊಂಡು "ನಡೀರಿ" ಎಂದರು.

ರುದ್ರಪ್ಪನವರು ಎದ್ದು ನಿಂತು ಸ್ವಾಗತಿಸಿದರು. ಖೈರುನ್‌ಬಿ ಮೊದಲು ಚಿತ್ರವನ್ನು ತರಿಸಿ ಬಹಳ ಹೊತ್ತು ನೋಡಿದರು. ಅವರೇ ಪಟ್ಟೆ ಬೇಡವೆಂದರೆ ನಾನು ಏನು ಹೇಳಲಿ?

"ಮನಿಯಾಗೆ ಇಡಾಕೆ ನಂಗೆ ಬೇರೆ ಒಂದು ಬೇಕು, ಮಕ ನೆಟ್ಟಗೆ ಕಾಣಂಗೆ" ಎಂದರು. "ಇದು ನನ್ನ ಫೋಟ ಅಲ್ಲ, ನಮ್ಮ ಭಟ್ಟಿ ಫೋಟ. ಇದ್ರಾಗೆ ಪಟ್ಟಿ ತೆಗೀತೀರಂತೆ, ಹೌದಾ?"

"ತಾಯಿ, ಗಿರಾಕಿಗಳು ಬರೆ ಅಂತಾರೆ..."

"ಆ ಚಪ್ಪರ ಕಟ್ಟಿದೋರು ನಾವು. ಮುನ್ಸಿಪಾಲ್ಟಿಯೋರ ಕೈಲೇ ಕೀಳಾಕೆ ಆಗಿಲ್ಲ. ನೀವು ಪೆನ್ಸಿಲ್ ಹಿಡ್ಕಂಡು ಕೀಳ್ತೀರಾ?"

ರುದ್ರಪ್ಪನವರಿಗೆ ನಗು ಬಂತು, ತಡೆದುಕೊಂಡರು. ಮಂಡಿಯಲ್ಲಿ ಬೆಳೆದವರಾದ್ದರಿಂದ ಚೌಕಾಶಿ ಅವರ ರಕ್ತದಲ್ಲಿತ್ತು. ವಿಭೂತಿ ಸವರಿಕೊಂಡು ಹೇಳಿದರು:

"ಇಡ್ತೀನಿ. ಆದ್ರೆ ಕೆಳಗೊಂದು ಚೀಟಿ ಇರಬೇಕು. ಇದು ಹೊರಗ ಹಿಡಿದಿದ್ದು, ನೆಳ್ಳಿಗೂ ಸ್ಟುಡಿಯೋಕೂ ಸಂಬಂಧ ಇಲ್ಲ ಅಂತ. ಬರೀರಿ ಅಮ್ಮಾರೆ, ನಿಮ್ಮ ಅಕ್ಷರ ಛಲೋ ಐತೆ."

ಅದು ನನ್ನನ್ನು ತಗ್ಗಿಸಲು ಹೇಳಿದ ಮಾತು. ನಾನು ರಟ್ಟು ತೆಗೆದುಕೊಂಡು, ನಮ್ಮ ತಂದೆಯವರು ಕಲಿಸಿದ ದುಂಡಕ್ಷರಗಳಲ್ಲಿ ಬರೆದೆನು: "ಈ ಚಿತ್ರದಲ್ಲಿ ಕಂಡುಬರುವ ಎಲ್ಲ ನೆರಳುಗಳಿಗೆ ಕೆಳಗೆ ಸಹಿ ಮಾಡಿದವಳೇ ಸಂಪೂರ್ಣ ಜವಾಬ್ದಾರಳು." ಕೆಳಗೆ ಸಹಿ ಮಾಡಿದೆನು. ಸುಮತಿ ಎಂಬ ನನ್ನ ಹೆಸರು ಬಜಾರಿನ ಗಾಜಿನ ಹಿಂದೆ ಹೋದದ್ದು ಹೀಗೆ. ರುದ್ರಪ್ಪನವರು ಎರಡು ಸಲ ಓದಿಕೊಂಡರು. ತಾವು ಕೇಳಿದ್ದನ್ನೇ ಇವಳು ಬರೆದಿದ್ದಾಳೆ, ಆದರೂ ಏನೋ ಕೈ ತಪ್ಪಿತು ಎಂಬುದು ಅವರ ಮುಖದಲ್ಲಿ ಕಾಣುತ್ತಿತ್ತು. ಅಲ್ಲಿ ಮೂಡಿದ ಆ ಗೆರೆಯನ್ನು ತಿದ್ದಲು ಯಾವ ಪೆನ್ಸಿಲೂ ಇರಲಿಲ್ಲ.

"ಸಹಿ ಮಾಡಿದ ಮ್ಯಾಲೆ ಊರು ಬರೀಬೇಕಲ್ಲ" ಎಂದು ಕಪಾಟಿನ ಬೀಗದ ಕೈ ಹುಡುಕುತ್ತ ಹೇಳಿದರು. "ಇಲ್ಲಾಂದ್ರೆ ಯಾರನ್ನ ಹಿಡಿಯೋದು?"

ದಾವಣಗೆರೆ ಎಂದು ಬರೆದರೆ, ಮಡ್ಲಿನ ನೆರಳನ್ನು ಗುರುತಿಸಿದ ಅಮ್ಮನ ಎದುರು ನಾನು ಅರ್ಧ ಸುಳ್ಳಾಗುತ್ತೇನೆ. ಕುಂದಾಪುರ ಎಂದು ಬರೆದರೆ ಪಕ್ಕದಲ್ಲಿ ನಿಂತ ಖೈರುನ್‌ಬಿಯವರ ಎದುರು ಇನ್ನರ್ಧ. ಕೊನೆಗೆ ದಸ್ತೈವಜುಗಳಲ್ಲಿ ಬರೆಯುವ ಕ್ರಮದಲ್ಲಿಯೇ ಬರೆದೆನು: ಕುಂದಾಪುರದವಳು, ಹಾಲಿ ವಾಸ ದಾವಣಗೆರೆ.

ಖೈರುನ್‌ಬಿ ಕನ್ನಡ ಓದಲಾರರು. ಏನು ಬರೆದಿರಿ ಎಂದು ಕೇಳಿ ತಿಳಿದುಕೊಂಡರು.

"ಹಾಲಿ ಅಂದ್ರೆ ಎಷ್ಟು ದಿನ ಲೆಕ್ಕ?"

ಅದಕ್ಕೆ ಮಿತಿ ಬರೆಯುವ ಪದ್ಧತಿ ಇಲ್ಲವೆಂದು ತಿಳಿಸಿ, ರುದ್ರಪ್ಪನವರು ಕಪಾಟಿನಿಂದ ತೆಗೆದುಕೊಟ್ಟ ಕ್ಯಾಮೆರಾವನ್ನು ಹೆಗಲಿಗೆ ಹಾಕಿಕೊಂಡೆನು.